ಇಸಿಜಿ ಒಂದು ಹೇಳತ್ತೆ, ಎಕೋ ಇನ್ನೊಂದು ಹೇಳತ್ತೆ: ಅಪ್ಪನ ಹಾರ್ಟಿಗೆ ಇಷ್ಟೊಂದು ಟೆಸ್ಟ್ ಯಾಕೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮಪ್ಪಂಗೆ 72 ವರ್ಷ, ಶಿವಮೊಗ್ಗ ಕಡೆ ಅಡಿಕೆ ತೋಟ ಇದೆ, ಹೋದ ವರ್ಷದ ತನಕ ದಿನಾ ತೋಟ ಸುತ್ತಿ ಬರ್ತಿದ್ರು. ಈಗ ಆರೇಳು ತಿಂಗಳಿಂದ ಸ್ವಲ್ಪ ಏರು ಹತ್ತಿದ್ರೂ ಏದುಸಿರು, ಸಂಜೆ ಆಗೋಷ್ಟ್ರಲ್ಲಿ ಕಾಲು ಊದ್ಕೊಳ್ಳತ್ತೆ. ಮೊದ್ಲು ಇಸಿಜಿ ನೋಡಿದೋರು ಯಾವಾಗ್ಲೋ ಹಾರ್ಟ್ ಅಟ್ಯಾಕ್ ಆಗಿ ಹೋಗಿರೋ ಹಾಗಿದೆ ಅಂದ್ರು, ಆಂಜಿಯೋಗ್ರಾಂ ಮಾಡ್ಸಿದ್ರೆ ಎಲ್ಲೂ ಬ್ಲಾಕ್ ಇಲ್ಲ. ಎಕೋದಲ್ಲಿ ಹಾರ್ಟ್ ಗೋಡೆ ದಪ್ಪ 16 ಎಂಎಂ, ಇಎಫ್ 58 ಅಂತಿದೆ. ಪಂಪಿಂಗ್ ಚೆನ್ನಾಗಿದೆ ಅಂತ ನಾವು ಖುಷಿಪಟ್ವಿ. ಈಗ ಹೊಸ ಡಾಕ್ಟ್ರು ಹಾರ್ಟಿನ ಎಂಆರ್‌ಐ, ಪಿವೈಪಿ ಸ್ಕ್ಯಾನ್, ಜೊತೆಗೆ ರಕ್ತ-ಮೂತ್ರದ್ದು ಯಾವ್ದೋ ಟೆಸ್ಟ್ ಬರ್ಕೊಟ್ಟಿದ್ದಾರೆ. ಬ್ಲಾಕ್ ಇಲ್ಲ, ಪಂಪಿಂಗ್ ಸರಿ ಇದೆ ಅಂದ್ಮೇಲೆ ಇದೆಲ್ಲಾ ಬೇಕಾ? ಒಳ್ಳೆ ಸುದ್ದಿ ಅಂದ್ರೆ 15 ವರ್ಷದಿಂದ ಇದ್ದ ಬಿಪಿ ಈಗ ಮಾತ್ರೆ ಇಲ್ದೇನೇ ನಾರ್ಮಲ್. ಬೇರೆ ಕಾಯಿಲೆ ಏನಿಲ್ಲ, ಆರು ವರ್ಷದ ಹಿಂದೆ ಎರಡೂ ಕೈ ಜೋಮು ಹಿಡಿದು ಮಣಿಕಟ್ಟಲ್ಲಿ ಆಪರೇಷನ್ ಆಗಿತ್ತು, ಅಷ್ಟೇ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಕೊನೇಲಿ "ಒಳ್ಳೆ ಸುದ್ದಿ" ಅಂತ ಒಂದು, "ಅಷ್ಟೇ" ಅಂತ ಒಂದು ಬರೆದಿದ್ದೀರಲ್ಲ, ನನ್ನ ಕಣ್ಣು ನಿಂತಿದ್ದು ಆ ಎರಡು ಸಾಲಿನ ಮೇಲೇನೇ. ಹೊಸ ಡಾಕ್ಟ್ರು ಕೂಡ ಬಹುಶಃ ಅಪ್ಪನ ಕೈ ಮೇಲಿನ ಆ ಗಾಯದ ಗುರುತು ನೋಡೇ ಈ ಟೆಸ್ಟ್‌ಗಳನ್ನ ಬರೆದಿರ್ತಾರೆ. ನಾನು ಅಪ್ಪನ್ನ ನೋಡಿಲ್ಲ, ಇಸಿಜಿ ಕಾಗದಾನೂ ನೋಡಿಲ್ಲ, ಪತ್ರದಲ್ಲಿ ಇರೋದನ್ನ ಇಟ್ಕೊಂಡು ಮಾತಾಡ್ತಿದ್ದೀನಿ, ಆದ್ರೂ ಇದು ದುಡ್ಡು ಮಾಡೋಕೆ ಬರೆದ ಪಟ್ಟಿ ಅಂತ ನಂಗೆ ಅನ್ಸಲ್ಲ. ಅಮಿಲಾಯ್ಡ್ ಅಂತ, ಹಾರ್ಟಿನ ಗೋಡೇಲಿ ಒಂದು ಪ್ರೋಟೀನ್ ಬಂದು ಕೂರೋ ಕಾಯಿಲೆ ಇದ್ಯಾ ಅಂತ ಯೋಚನೆ ಮಾಡಿ ಬರೆದಿದ್ದಾರೆ.

ಮೊದ್ಲು ಇಸಿಜಿ, ಎಕೋ ವಿಷಯ. ಹಾರ್ಟಿನ ಸ್ನಾಯು ಪ್ರತಿ ಬಡಿತಕ್ಕೂ ಸ್ವಲ್ಪ ವಿದ್ಯುತ್ ಹುಟ್ಟಿಸತ್ತೆ, ಇಸಿಜಿ ಅದನ್ನ ಅಳೆಯತ್ತೆ. ಸ್ನಾಯು ಜಾಸ್ತಿ ಇದ್ರೆ ಗೆರೆಗಳು ಎತ್ತರಕ್ಕೆ ಏಳ್ಬೇಕು. ವರ್ಷಗಟ್ಲೆ ಬಿಪಿ ಇದ್ದೋರಲ್ಲಿ, ಅಥವಾ ಹುಟ್ಟಿನಿಂದ್ಲೇ ಜೀನ್ ದೋಷ ಇದ್ದು ಗೋಡೆ ದಪ್ಪ ಆಗೋರಲ್ಲಿ, ಇಸಿಜಿ ಗೆರೆ ಒಂದು ಸಾಲಿಂದ ಇನ್ನೊಂದು ಸಾಲಿಗೆ ಹೋಗಿ ಮುಟ್ಟೋಷ್ಟು ಎತ್ತರ ಇರತ್ತೆ. ಎಕೋ ಮಾಡೋದು ಬೇರೆ ಕೆಲಸ, ಶಬ್ದದ ಅಲೆ ಬಿಟ್ಟು ಪ್ರತಿಧ್ವನಿ ಕೇಳ್ಕೊಳ್ಳತ್ತೆ, ಗೋಡೆ ಎಷ್ಟು ದಪ್ಪ ಅಂತ ಹೇಳತ್ತೆ. (ಈ ವಿದ್ಯೆ ಶುರುವಾದ ಕಥೆ ಚೆನ್ನಾಗಿದೆ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಲ್ಲಿ ಎಡ್ಲರ್ ಅನ್ನೋ ವೈದ್ಯರು, ಹರ್ಟ್ಸ್ ಅನ್ನೋ ಭೌತವಿಜ್ಞಾನಿ ಸೇರ್ಕೊಂಡು, ಹಡಗು ಕಟ್ಟೋ ಜಾಗದಲ್ಲಿ ಲೋಹದ ಬಿರುಕು ಹುಡುಕೋ ಯಂತ್ರ ಇಟ್ಕೊಂಡೇ ಮೊದಲ ಪ್ರಯೋಗಗಳನ್ನ ಮಾಡಿದ್ದು.) ಆದ್ರೆ ಆ ದಪ್ಪದ ಒಳಗಡೆ ಇರೋದು ಸ್ನಾಯುವೋ ಬೇರೆ ಏನಾದ್ರೂ ತುಂಬ್ಕೊಂಡಿದ್ಯೋ ಅಂತ ಎಕೋದ ಅಳತೆಗೆ ಗೊತ್ತಾಗಲ್ಲ, ಅದಕ್ಕೆ ಎರಡೂ ದಪ್ಪಾನೇ.

ನೀವು ಅಡಿಕೆ ಮನೆಯೋರು, ನಿಮಗೆ ಇದು ಬೇಗ ಅರ್ಥ ಆಗತ್ತೆ. ಮೂಟೆ ನೋಡೋಕೆ ತುಂಬಿ ಉಬ್ಬಿದೆ, ತಕ್ಕಡಿಗೆ ಹಾಕಿದ್ರೆ ತೂಕಾನೇ ಇಲ್ಲ. ಆಗ ಮಂಡಿಯವ್ರು ಏನ್ ಮಾಡ್ತಾರೆ? ಮೂಟೆ ಬಾಯಿ ಬಿಚ್ಚಿ ಒಳಗೆ ಕೈ ಹಾಕ್ತಾರೆ. ಎಕೋ ಮೂಟೆಯ ಗಾತ್ರ ಹೇಳಿತು, ಇಸಿಜಿ ತೂಕ ಹೇಳಿತು, ಎರಡಕ್ಕೂ ತಾಳೆ ಆಗ್ತಿಲ್ಲ. ಗೋಡೆ ಸಾಮಾನ್ಯವಾಗಿ 11 ಎಂಎಂ ಒಳಗೆ ಇರ್ಬೇಕು, ಅಪ್ಪಂದು 16, ಅಂದ್ರೆ ಇಸಿಜಿ ಗೆರೆ ಎತ್ತರಕ್ಕೆ ಇರ್ಬೇಕಿತ್ತು, ಅದರ ಬದ್ಲು "ಹಳೇ ಅಟ್ಯಾಕ್" ಥರ ಕಾಣಿಸ್ತಿದೆ. ಅಟ್ಯಾಕ್ ಆಗಿ ಸ್ನಾಯು ಸತ್ತ ಜಾಗದಲ್ಲಿ ವಿದ್ಯುತ್ ಇರಲ್ಲ, ಹಾಗಾಗಿ ಇಸಿಜಿಲಿ ಅಲ್ಲೊಂದು ಗುಂಡಿ ಬೀಳತ್ತೆ. ಸ್ನಾಯುವಿನ ಮಧ್ಯೆ ವಿದ್ಯುತ್ ಇಲ್ಲದ ಸರಕು ತುಂಬ್ಕೊಂಡ್ರೂ ಅದೇ ಥರ ಗುಂಡಿ ಬೀಳತ್ತೆ, ಇಸಿಜಿ ಮಿಷನ್ನಿಗೆ ವ್ಯತ್ಯಾಸ ಗೊತ್ತಾಗಲ್ಲ. ಮೊದಲನೇ ಡಾಕ್ಟ್ರು ಅಟ್ಯಾಕ್ ಅಂದಿದ್ದು ತಪ್ಪೇನಲ್ಲ, ಎದುರಿಗಿದ್ದ ಕಾಗದ ಹಾಗೇ ಹೇಳ್ತಿತ್ತು, ಆಂಜಿಯೋ ಮಾಡ್ಸಿದ್ದೂ ಸರೀನೇ.

ಒಂದು ಮಾತು ಇಲ್ಲೇ ಸೇರಿಸ್ಬಿಡ್ತೀನಿ, ಈ ತಾಳೆ ತಪ್ಪೋದು ಎಲ್ಲರಲ್ಲೂ ಕಾಣಿಸಲ್ಲ. ಅಮಿಲಾಯ್ಡ್ ಇರೋ ಎಷ್ಟೋ ಜನರ ಇಸಿಜಿ ಗೆರೆ ಸಾಮಾನ್ಯ ಎತ್ತರದಲ್ಲೇ ಇರತ್ತೆ, ಮತ್ತೆ ದಪ್ಪ ಮೈ ಇದ್ರೆ, ಶ್ವಾಸಕೋಶದಲ್ಲಿ ಗಾಳಿ ತುಂಬ್ಕೊಂಡಿದ್ರೆ, ಹಾರ್ಟ್ ಸುತ್ತ ನೀರಿದ್ರೆ ಕಾಯಿಲೆ ಇಲ್ದೇನೂ ಗೆರೆ ಚಿಕ್ಕದಾಗತ್ತೆ. ಹಾಗಾಗಿ ಇದು ಸುಳಿವು ಅಷ್ಟೇ, ತೀರ್ಪಲ್ಲ.

ಆಂಜಿಯೋ ಬಗ್ಗೆ ನಮ್ಮ ಜನರಲ್ಲಿ ಒಂದು ನಂಬಿಕೆ ಕೂತ್ಬಿಟ್ಟಿದೆ, ಬ್ಲಾಕ್ ಇಲ್ಲ ಅಂದ್ರೆ ಹಾರ್ಟ್ ಸರಿ ಇದೆ ಅಂತ. ಆಂಜಿಯೋ ತೋರ್ಸೋದು ತೋಟಕ್ಕೆ ನೀರು ಬರೋ ಪೈಪನ್ನ, ತೋಟ ಒಣಗಿದ್ಯಾ ಹಸಿರಾಗಿದ್ಯಾ ಅನ್ನೋದು ಅದ್ರಲ್ಲಿ ಕಾಣಲ್ಲ. ಗಂಡ ತೀರ್ಕೊಂಡ ದಿನಾನೇ ಎದೆನೋವು ಬಂದು ಅಡ್ಮಿಟ್ ಆಗೋ ಹೆಂಗಸರನ್ನ ನಾವು ನೋಡ್ತೀವಿ, ಇಸಿಜಿ ಅಟ್ಯಾಕ್ ಥರಾನೇ, ಹಾರ್ಟಿನ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರೋ ಟ್ರೋಪೋನಿನ್ನೂ ಜಾಸ್ತಿ, ಆಂಜಿಯೋ ಮಾತ್ರ ಕ್ಲೀನ್. ಎಕೋ ಹಾಕಿದ್ರೆ ಹಾರ್ಟಿನ ತುದಿ ಬಲೂನ್ ಥರ ಉಬ್ಕೊಂಡಿರತ್ತೆ. 1990ರಲ್ಲಿ ಜಪಾನಿನ ವೈದ್ಯರು ಅದಕ್ಕೆ ತಾಕೊತ್ಸುಬೊ ಅಂತ ಹೆಸರಿಟ್ರು, ಆಕ್ಟೋಪಸ್ ಹಿಡಿಯೋ ಮಡಕೆ ಅಂತ ಅರ್ಥ, ಆ ಆಕಾರ ಇರೋದ್ರಿಂದ. ಹೆಚ್ಚಿನೋರು ಕೆಲವು ವಾರದಲ್ಲಿ ಚೇತರಿಸ್ಕೋತಾರೆ. ಅಪ್ಪಂದು ಅದಲ್ಲ, ಆರೇಳು ತಿಂಗಳಿಂದ ನಿಧಾನಕ್ಕೆ ಏರಿದ್ದು ಇದು, ಕ್ಲೀನ್ ಆಂಜಿಯೋ ಅಂದ್ರೆ ಹಾರ್ಟೇ ಕ್ಲೀನ್ ಅಂತಲ್ಲ ಅನ್ನೋದಕ್ಕೆ ಹೇಳಿದೆ.

ಇನ್ನು ಇಎಫ್ 58. ನೀವು ಖುಷಿಪಟ್ಟ ನಂಬರ್ ಇದು, ನಂಗೆ ಸ್ವಲ್ಪ ಬೇಜಾರಾಗ್ತಿದೆ ಇದನ್ನ ಹೇಳೋಕೆ. ಇಎಫ್ ಅಂದ್ರೆ ತುಂಬಿದ ರಕ್ತದಲ್ಲಿ ಎಷ್ಟು ಪರ್ಸೆಂಟು ಹೊರಗೆ ಹೋಯ್ತು ಅಂತ, ಎಷ್ಟು ರಕ್ತ ಅಂತಲ್ಲ. ಆರೋಗ್ಯವಾಗಿರೋ ಹಾರ್ಟಲ್ಲಿ 120 ಎಂಎಲ್ ತುಂಬ್ಕೊಂಡು 70 ಎಂಎಲ್ ಹೊರಗೆ ಹೋಗತ್ತೆ ಅಂದ್ಕೊಳ್ಳಿ, 58 ಪರ್ಸೆಂಟ್. ಗೋಡೆ ದಪ್ಪ ಆಗಿ ಸೆಟೆದು, ಒಳಗಿನ ಜಾಗ ಕಿರಿದಾಗಿ, ಬರೀ 70 ಎಂಎಲ್ ತುಂಬೋ ಹಾರ್ಟ್ 40 ಎಂಎಲ್ ತಳ್ಳಿದ್ರೂ ಹೆಚ್ಚುಕಮ್ಮಿ ಅಷ್ಟೇ ಪರ್ಸೆಂಟ್ ಬರತ್ತೆ. ಕೊಡದಲ್ಲಿ ಅರ್ಧ ಸುರಿದ್ರೂ ಅರ್ಧ, ಚೊಂಬಲ್ಲಿ ಅರ್ಧ ಸುರಿದ್ರೂ ಅರ್ಧ. ಪ್ರತಿ ಬಡಿತಕ್ಕೆ 30 ಎಂಎಲ್ ಕಮ್ಮಿ ಹೋಗ್ತಿದೆ ಅಂತ ರಿಪೋರ್ಟಲ್ಲಿ ಎಲ್ಲೂ ಬರೆದಿರಲ್ಲ, ಏರು ಹತ್ತಿದಾಗ ಅಪ್ಪನ ಉಸಿರು ಮಾತ್ರ ಹೇಳತ್ತೆ. ನನ್ನ ಕೇಳಿದ್ರೆ ಎಕೋ ರಿಪೋರ್ಟಿನ ಮೊದಲನೇ ಸಾಲಲ್ಲಿ ಇಎಫ್ ಹಾಕೋ ಪದ್ಧತಿನೇ ನಮ್ಮನ್ನ ಎಷ್ಟೋ ಸಲ ದಾರಿ ತಪ್ಪಿಸಿದೆ, ರೋಗಿಗಳನ್ನಷ್ಟೇ ಅಲ್ಲ ಡಾಕ್ಟ್ರುಗಳನ್ನೂ.

ಬಿಪಿ "ವಾಸಿ" ಆಗಿದ್ದೂ ಇದೇ ಲೆಕ್ಕದಲ್ಲಿ ಇರ್ಬಹುದು. 15 ವರ್ಷದ ಬಿಪಿ ತನ್ನಷ್ಟಕ್ಕೆ ತಾನೇ ಹೋಗ್ತಿದೆ ಅಂದ್ರೆ ನಾವು ಕುರ್ಚಿ ಮುಂದಕ್ಕೆ ಎಳ್ಕೊಂಡು ಕೂರ್ತೀವಿ. ಹಾರ್ಟಿಂದ ಹೊರಡೋ ರಕ್ತ ಕಮ್ಮಿ ಆಯ್ತು, ಕೆಲವ್ರಲ್ಲಿ ರಕ್ತನಾಳ ಬಿಗಿ ಹಿಡಿಯೋ ನರಗಳೂ ಸೋತಿರತ್ತೆ, ಬಿಪಿ ಇಳಿಯತ್ತೆ.

ಈಗ ಕೈ. ಮೊದ್ಲೇ ಹೇಳಿದ ಅಮಿಲಾಯ್ಡ್‌ಗೂ ಕೈಗೂ ಏನ್ ಸಂಬಂಧ ಅಂತ ಹೇಳ್ತೀನಿ. ಲಿವರಲ್ಲಿ ತಯಾರಾಗೋ ಟ್ರಾನ್ಸ್‌ಥೈರೆಟಿನ್ ಅನ್ನೋ ಪ್ರೋಟೀನ್ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನ, ವಿಟಮಿನ್ ಎ-ನ ಹೊತ್ಕೊಂಡು ಓಡಾಡತ್ತೆ. ನಾಲ್ಕು ತುಂಡು ಸೇರಿ ಒಂದಾಗಿರೋ ಪ್ರೋಟೀನ್ ಅದು. ಕೆಲವ್ರಲ್ಲಿ ವಯಸ್ಸಾದ ಹಾಗೆ, ಇನ್ನು ಕೆಲವ್ರಲ್ಲಿ ಮನೆತನದ ಜೀನ್ ದೋಷದಿಂದ, ಆ ನಾಲ್ಕು ಬಿಟ್ಕೊಂಡು, ಬಿಡಿಬಿಡಿಯಾದ ತುಂಡು ಮಡಚ್ಕೊಂಡು, ನಾರಿನ ಥರ ಆಗಿ ಅಲ್ಲಲ್ಲಿ ಕೂತ್ಬಿಡತ್ತೆ. ಹಾರ್ಟಿನ ಗೋಡೇಲಿ ಕೂತ್ರೆ ಗೋಡೆ ದಪ್ಪ ಆಗತ್ತೆ, ಸೆಟೆದ್ಕೊಳ್ಳತ್ತೆ. ಆದ್ರೆ ಅದಕ್ಕಿಂತ ಐದು-ಹತ್ತು ವರ್ಷ ಮುಂಚೇನೇ ಮಣಿಕಟ್ಟಿನ ಪಟ್ಟಿಯಲ್ಲಿ ಕೂತಿರತ್ತೆ, ಅಲ್ಲಿ ನರ ಒತ್ತಿ ಕೈ ಜೋಮು. ಒಂದು ಕೈ ಜೋಮು ಎಲ್ಲರಿಗೂ ಬರತ್ತೆ, ಕಂಪ್ಯೂಟರ್ ಕುಟ್ಟೋರಿಗೂ ಬರತ್ತೆ, ವಯಸ್ಸಾದ ಗಂಡಸರಿಗೆ ಎರಡೂ ಕೈಗೆ ಬಂದು ಆಪರೇಷನ್ ತನಕ ಹೋಯ್ತು ಅಂದ್ರೆ ಸುಮ್ನೆ ಬಿಡೋ ವಿಷಯ ಅಲ್ಲ. ಸೊಂಟದ ನರ ಒತ್ತಿದೆ ಅಂತಾನೋ, ತೋಳಿನ ಸ್ನಾಯುವಿನ ಹುರಿ ಕಿತ್ಕೊಂಡು ತೋಳಲ್ಲಿ ಗಂಟು ಥರ ಉಬ್ಬಿದೆ ಅಂತಾನೋ ಅಪ್ಪ ಯಾವಾಗ್ಲಾದ್ರೂ ಹೇಳಿದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ. ಅಂದ ಹಾಗೆ ಅಮಿಲಾಯ್ಡ್ ಅಂದ್ರೆ ಗಂಜಿಯಂಥದ್ದು ಅಂತ ಅರ್ಥ, 1854ರಲ್ಲಿ ಜರ್ಮನಿಯ ವಿರ್ಕೋ ಇದು ಪಿಷ್ಟ ಅಂದ್ಕೊಂಡು ಈ ಹೆಸರಲ್ಲಿ ಕರೆದ್ರು, ಅದು ಪಿಷ್ಟ ಅಲ್ಲ ಪ್ರೋಟೀನ್ ಅಂತ ಆಮೇಲೆ ಗೊತ್ತಾದ್ರೂ ಹೆಸರು ಮಾತ್ರ ಹಾಗೇ ಉಳ್ಕೊಂಡಿತು.

ನೀವು "ರಕ್ತ-ಮೂತ್ರದ್ದು ಯಾವ್ದೋ ಟೆಸ್ಟ್" ಅಂತ ಸೈಡಿಗೆ ಹಾಕಿದ್ದೀರ, ಇಡೀ ಪಟ್ಟಿಯಲ್ಲಿ ಮೊದ್ಲು ಆಗ್ಬೇಕಾಗಿರೋದು ಅದೇ. ಹಾರ್ಟಲ್ಲಿ ಅಮಿಲಾಯ್ಡ್ ಮುಖ್ಯವಾಗಿ ಎರಡು ಥರ. ಒಂದು ನಾನು ಈಗ ಹೇಳಿದ ಲಿವರ್ ಪ್ರೋಟೀನಿಂದು, ಅದು ವರ್ಷಗಳ ಲೆಕ್ಕದಲ್ಲಿ ನಡೆಯತ್ತೆ. ಇನ್ನೊಂದು ಎಎಲ್ ಅಂತ, ಮೂಳೆ ಮಜ್ಜೆಯಲ್ಲಿ ಒಂದು ಜಾತಿ ಕಣ ಹದ್ದು ಮೀರಿ ಬೆಳೆದು ಲೈಟ್ ಚೈನ್ ಅನ್ನೋ ಪ್ರೋಟೀನ್ ತುಣುಕುಗಳನ್ನ ರಕ್ತಕ್ಕೆ ಸುರೀತಾ ಇರತ್ತೆ, ಅದು ಹಾರ್ಟಿಗೆ ಬಂದ್ರೆ ತಿಂಗಳುಗಳ ಲೆಕ್ಕ. ಅದಕ್ಕೆ ಚಿಕಿತ್ಸೆ ರಕ್ತದ ಕ್ಯಾನ್ಸರ್ ನೋಡೋ ಡಾಕ್ಟ್ರ ಹತ್ರ, ಕೀಮೋ ಬೇಕಾಗತ್ತೆ, ಅಲ್ಲಿ ವಾರ ವಾರಾನೂ ಮುಖ್ಯ. ನಾಲಿಗೆ ದಪ್ಪ ಆಗೋದು, ಏಟು ಬೀಳ್ದೇನೇ ಕಣ್ಣು ಸುತ್ತ ಕಪ್ಪು-ನೇರಳೆ ಆಗೋದು, ಮೂತ್ರದಲ್ಲಿ ನೊರೆ, ಇವೆಲ್ಲಾ ಎಎಲ್ ಕಡೆ ಕೈ ತೋರ್ಸತ್ತೆ. ಟೆಸ್ಟ್ ಮೂರು ಇರ್ಬೇಕು: ರಕ್ತದಲ್ಲಿ ಫ್ರೀ ಲೈಟ್ ಚೈನ್, ರಕ್ತದ ಇಮ್ಯುನೋಫಿಕ್ಸೇಷನ್, ಮೂತ್ರದ ಇಮ್ಯುನೋಫಿಕ್ಸೇಷನ್. ಲ್ಯಾಬಲ್ಲಿ ಎಲೆಕ್ಟ್ರೋಫೊರೆಸಿಸ್ ಅನ್ನೋ ಪ್ರೋಟೀನ್ ಟೆಸ್ಟ್ ಒಂದೇ ಮಾಡಿ "ಎಂ ಬ್ಯಾಂಡ್ ಇಲ್ಲ, ನಾರ್ಮಲ್" ಅಂತ ಕೊಟ್ರೆ ಅಷ್ಟಕ್ಕೇ ಸಮಾಧಾನ ಮಾಡ್ಕೋಬೇಡಿ, ಸಣ್ಣ ಪ್ರಮಾಣದ ಲೈಟ್ ಚೈನ್ ಅದ್ರಲ್ಲಿ ತಪ್ಪಿಹೋಗತ್ತೆ. ಕಿಡ್ನಿ ಸೋತಿದ್ರೆ ಫ್ರೀ ಲೈಟ್ ಚೈನ್ ನಂಬರ್ ತಾನಾಗೇ ಸ್ವಲ್ಪ ಏರತ್ತೆ, ಅದನ್ನ ನೋಡಿ ಗಾಬರಿ ಆಗೋದೂ ಬೇಡ, ಕಿಡ್ನಿ ಟೆಸ್ಟ್ ಆದ ಕ್ರಿಯಾಟಿನಿನ್ ಜೊತೆ ಇಟ್ಕೊಂಡು ಡಾಕ್ಟ್ರು ಓದ್ತಾರೆ.

ಯಾಕೆ ಇದು ಮೊದ್ಲು ಅಂತ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, ಪಿವೈಪಿ ಸ್ಕ್ಯಾನ್ ಎಎಲ್ ಇದ್ದೋರಲ್ಲೂ ಕೆಲವು ಸಲ ಬೆಳಗತ್ತೆ. ಸ್ಕ್ಯಾನ್ ಪಾಸಿಟಿವ್ ಬಂತು, ಲಿವರ್ ಪ್ರೋಟೀನಿಂದೇ ಅಂತ ತೀರ್ಮಾನ ಮಾಡಿ ಮನೆಗೆ ಕಳ್ಸಿ, ರಕ್ತದ ಟೆಸ್ಟ್ ಎರಡು ತಿಂಗಳು ಬಿಟ್ಟು ನೋಡಿ ಎಎಲ್ ಅಂತ ಗೊತ್ತಾದ್ರೆ ಆ ಎರಡು ತಿಂಗಳನ್ನ ವಾಪಸ್ ಕೊಡೋರು ಯಾರೂ ಇಲ್ಲ.

ಪಿವೈಪಿ ಅಂದ್ರೆ ಪೈರೋಫಾಸ್ಫೇಟ್. ಅದಕ್ಕೆ ಟೆಕ್ನೀಶಿಯಂ ಅನ್ನೋ ವಿಕಿರಣ ಧಾತು ಅಂಟಿಸಿ ಕೈಯ ರಕ್ತನಾಳಕ್ಕೆ ಕೊಡ್ತಾರೆ, ಮೂರು ಗಂಟೆ ಬಿಟ್ಟು ಕ್ಯಾಮೆರಾ ಕೆಳಗೆ ಮಲಗಿಸ್ತಾರೆ. ಟೆಕ್ನೀಶಿಯಂ ಆರು ಗಂಟೆಗೊಂದು ಸಲ ಅರ್ಧ ಆಗ್ತಾ ಹೋಗತ್ತೆ, ಮಾರನೇ ದಿನಕ್ಕೆ ಹೆಚ್ಚೇನೂ ಉಳಿಯಲ್ಲ, ಅವತ್ತೊಂದಿನ ಮೊಮ್ಮಕ್ಕಳನ್ನ, ಬಸುರಿ ಹೆಂಗಸರನ್ನ ಪಕ್ಕ ಕೂರಿಸ್ಕೋಬೇಡಿ ಅಂತಾರೆ ಅಷ್ಟೇ. ಈ ವಸ್ತು ಮೂಳೆ ಹುಡ್ಕೊಂಡು ಹೋಗೋದು ಸಹಜ, ಲಿವರ್ ಪ್ರೋಟೀನಿನ ಅಮಿಲಾಯ್ಡ್ ಇದ್ರೆ ಹಾರ್ಟಿಗೂ ಹೋಗಿ ಅಂಟ್ಕೊಳ್ಳತ್ತೆ. ಪಕ್ಕೆಲುಬಿಗಿಂತ ಹಾರ್ಟ್ ಮಂಕಾಗಿ ಕಂಡ್ರೆ ಗ್ರೇಡ್ 1, ಸಮ ಇದ್ರೆ 2, ಪಕ್ಕೆಲುಬನ್ನೂ ಮೀರಿ ಬೆಳಗಿದ್ರೆ 3. ರಕ್ತ-ಮೂತ್ರದ ಮೂರೂ ಟೆಸ್ಟ್ ಕ್ಲೀನ್ ಇದ್ದು ಇಲ್ಲಿ 2 ಅಥವಾ 3 ಬಂದ್ರೆ, ಹಾರ್ಟಿಂದ ತುಂಡು ತೆಗೆಯೋ ಬಯಾಪ್ಸಿ ಇಲ್ದೇನೇ ಕಾಯಿಲೆ ಖಚಿತ ಅಂತ 2016ರಿಂದೀಚೆಗೆ ಒಪ್ಕೊಂಡಿದ್ದಾರೆ. ಮುಂಚೆ ಹಾರ್ಟಿಗೆ ಇಕ್ಕಳ ಇಳಿಸಿ ಚೂರು ತೆಗೆದು ಕಾಂಗೋ ರೆಡ್ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ಹಸಿರು ಹೊಳಪು ಹುಡುಕ್ಬೇಕಿತ್ತು.

ಎರಡು ಎಚ್ಚರಿಕೆ. ಸ್ಪೆಕ್ಟ್ ಅಂತ ಸುತ್ತಲಿಂದ ತೆಗೆಯೋ ಚಿತ್ರಾನೂ ಬೇಕು ಅಂತ ಕೇಳಿ, ಇಲ್ಲಾಂದ್ರೆ ಹಾರ್ಟಿನ ಒಳಗೆ ನಿಂತಿರೋ ರಕ್ತದ ಬೆಳಕನ್ನೇ ಗೋಡೆ ಬೆಳಕು ಅಂತ ಓದ್ಬಿಡೋ ಅಪಾಯ ಇದೆ. ಮತ್ತೆ ಯಾರಾದ್ರೂ "ಪಿವೈಪಿ ಸ್ಟಾಕ್ ಇಲ್ಲ, ಮಾಮೂಲಿ ಬೋನ್ ಸ್ಕ್ಯಾನ್ ಮಾಡಣ, ಎಲ್ಲಾ ಒಂದೇ" ಅಂದ್ರೆ ಒಪ್ಕೋಬೇಡಿ, ಎಂಡಿಪಿ ಅನ್ನೋ ಬೇರೆ ವಸ್ತು ಕೊಟ್ಟು ಮಾಡೋ ಆ ಸ್ಕ್ಯಾನಲ್ಲಿ ಈ ಕಾಯಿಲೆ ತಪ್ಪಿಹೋಗೋ ಸಾಧ್ಯತೆ ಜಾಸ್ತಿ.

ಎಂಆರ್‌ಐ ಬೇಕೇಬೇಕಾ? ನನ್ನ ಅಭಿಪ್ರಾಯ, ರಕ್ತದ ಟೆಸ್ಟು, ಪಿವೈಪಿ ಎರಡೂ ಸ್ಪಷ್ಟ ಉತ್ತರ ಕೊಟ್ರೆ ಅಪ್ಪನ ವಯಸ್ಸಲ್ಲಿ ಎಂಆರ್‌ಐ ಕಡ್ಡಾಯ ಅಲ್ಲ, ದುಡ್ಡು ಹೊಂದಿಸೋದು ಕಷ್ಟ ಇದ್ರೆ ಡಾಕ್ಟ್ರನ್ನ ಮುಜುಗರ ಇಲ್ದೇ ಕೇಳಿ. ಆದ್ರೆ ಆ ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬಂದ್ರೆ ಎಂಆರ್‌ಐ ತುಂಬಾ ಕೆಲಸಕ್ಕೆ ಬರತ್ತೆ. ಗ್ಯಾಡೋಲಿನಿಯಂ ಅನ್ನೋ ಔಷಧಿ ಕೊಟ್ಟು ಹತ್ತು ನಿಮಿಷ ಬಿಟ್ಟು ನೋಡಿದ್ರೆ ಆರೋಗ್ಯವಾದ ಸ್ನಾಯು ಕಪ್ಪಾಗಿರ್ಬೇಕು, ಗಾಯ ಇರೋ ಜಾಗ ಬೆಳ್ಳಗೆ. ಅಟ್ಯಾಕ್ ಆಗಿದ್ರೆ ಒಂದು ರಕ್ತನಾಳದ ಪಾಲಿನ ಜಾಗ ಮಾತ್ರ ಬೆಳ್ಳಗಿರತ್ತೆ, ಅಮಿಲಾಯ್ಡ್ ಆದ್ರೆ ಒಳಮೈ ಪೂರ್ತಿ ಸುಣ್ಣ ಬಳಿದ ಹಾಗೆ. ಸಾರ್ಕಾಯ್ಡ್ ಅಂತ ಅಂಗಗಳಲ್ಲಿ ಸಣ್ಣ ಸಣ್ಣ ಗಂಟು ಕಟ್ಟೋ ಕಾಯಿಲೆ ಆದ್ರೆ ಅಲ್ಲಲ್ಲಿ ತೇಪೆ, ನಮ್ಮ ದೇಶದಲ್ಲಿ ಅದನ್ನ ಟಿಬಿಯಿಂದ ಬೇರ್ಪಡಿಸೋದೇ ಇನ್ನೊಂದು ತಲೆನೋವು. ಫ್ಯಾಬ್ರಿ ಅಂತ ಕೊಬ್ಬು ಸೇರ್ಕೊಂಡು ಗೋಡೆ ದಪ್ಪ ಆಗೋ ಕಾಯಿಲೆ ಇದೆ, ಅದ್ರಲ್ಲಿ ಟಿ1 ಅನ್ನೋ ಅಳತೆ ಕಮ್ಮಿ ಬರತ್ತೆ, ಅಮಿಲಾಯ್ಡಲ್ಲಿ ಜಾಸ್ತಿ. ಜೀನ್ ದೋಷದ ದಪ್ಪ ಹಾರ್ಟೂ ನಮ್ಮಲ್ಲಿ ಅಪರೂಪ ಏನಲ್ಲ, ಎಂವೈಬಿಪಿಸಿ3 ಅನ್ನೋ ಜೀನಲ್ಲಿ 25 ಅಕ್ಷರ ಬಿಟ್ಟುಹೋಗಿರೋದು ನಮ್ಮ ಉಪಖಂಡದ ಸುಮಾರು ನೂರಕ್ಕೆ ನಾಲ್ಕು ಜನರಲ್ಲಿದೆ ಅಂತ 2009ರಲ್ಲಿ ಗೊತ್ತಾಯ್ತು, ಅವ್ರೆಲ್ಲರಿಗೂ ಕಾಯಿಲೆ ಬರತ್ತೆ ಅಂತಲ್ಲ. ಎಂಆರ್‌ಐಗೆ ಮುಂಚೆ ಕ್ರಿಯಾಟಿನಿನ್ ನೋಡಿರ್ಬೇಕು, ಮೈಯಲ್ಲಿ ಪೇಸ್‌ಮೇಕರ್, ಲೋಹ ಇದ್ರೆ ಹೇಳ್ಬೇಕು, ಮುಕ್ಕಾಲು ಗಂಟೆ ಚಪ್ಪಟೆ ಮಲಗಿ ಹೇಳಿದಾಗೆಲ್ಲಾ ಉಸಿರು ಹಿಡೀಬೇಕು, ಏದುಸಿರು ಇರೋ ಅಪ್ಪಂಗೆ ಅದು ಆಗತ್ತಾ ಅಂತಾನೂ ಯೋಚ್ನೆ ಮಾಡಿ.

ಅದಕ್ಕೂ ಮುಂಚೆ, ಅದೇ ಎಕೋ ಮಿಷನ್ನಲ್ಲಿ ಸ್ಟ್ರೇನ್ ಅಂತ ಒಂದು ಲೆಕ್ಕ ತೆಗೀಬಹುದು, ಗೋಡೆಯ ಯಾವ ಭಾಗ ಎಷ್ಟು ಕುಗ್ಗತ್ತೆ ಅಂತ. ಅದನ್ನ ಬಣ್ಣದ ಚಕ್ರದ ಥರ ತೋರ್ಸತ್ತೆ, ಅಮಿಲಾಯ್ಡ್ ಇದ್ರೆ ಅಂಚೆಲ್ಲಾ ಮಂಕಾಗಿ ನಡುವೆ ತುದಿ ಭಾಗ ಮಾತ್ರ ಕೆಂಪಗೆ, ಹಣೆಗೆ ಕುಂಕುಮ ಇಟ್ಟ ಹಾಗೆ. ಒಂದ್ಸಲ ನೋಡಿದೋರು ಮರೆಯಲ್ಲ. ಅಪ್ಪನ ಎಕೋದಲ್ಲಿ ಅದು ಮಾಡಿದ್ದಾರಾ ಕೇಳಿ.

ಟೆಸ್ಟ್ ಜಾಸ್ತಿ ಮಾಡ್ಸೋದೇ ಜಾಣತನ ಅಂತ ನೀವು ಅಂದ್ಕೋಬಾರ್ದು ಅಂತ ನಂದೇ ಒಂದು ಹಳೇ ತಪ್ಪು ಹೇಳ್ತೀನಿ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ, ನಲವತ್ತರ ಆಸುಪಾಸಿನ ಹೆಣ್ಣುಮಗಳು, ಹೊಟ್ಟೆಯಲ್ಲಿ ನೀರು ತುಂಬ್ಕೊಂಡು ಬರ್ತಿದ್ರು, ಲಿವರ್ ಕಾಯಿಲೆ ಅಂತ ಎರಡು ವರ್ಷ ಬೇರೆ ಬೇರೆ ಕಡೆ ತೋರ್ಸಿ ನೀರು ತೆಗೆಸ್ಕೊಂಡಿದ್ರು. ನಂಗೆ ಎಕೋ ಮಾಡೋಕೆ ಕಳ್ಸಿದ್ರು, ಇಎಫ್ 60, ಹಾರ್ಟ್ ನಾರ್ಮಲ್ ಅಂತ ಬರೆದು ಕಳ್ಸಿಬಿಟ್ಟೆ. ನಮ್ಮ ಹಿರಿಯರು ರೌಂಡ್ಸಿಗೆ ಬಂದೋರು ರಿಪೋರ್ಟ್ ಮುಟ್ಲಿಲ್ಲ, ಆಯಮ್ಮನ ಕುತ್ತಿಗೆ ನೋಡ್ತಾ ನಿಂತ್ರು. ಕೂತಾಗ್ಲೂ ರಕ್ತನಾಳ ಕಿವಿ ತನಕ ಉಬ್ಬಿತ್ತು. ಲಿವರ್ ಒಂದೇ ಕೆಟ್ಟಿದ್ರೆ ಕುತ್ತಿಗೆ ಯಾಕಪ್ಪಾ ಉಬ್ಬತ್ತೆ ಅಂತ ನನ್ನೇ ಕೇಳಿದ್ರು. ಸಿಟಿ ತೆಗೆಸಿದ್ರೆ ಹಾರ್ಟ್ ಸುತ್ತ ಇರೋ ಪೊರೆ ಸುಣ್ಣ ಕಟ್ಟಿ ತೆಂಗಿನ ಕರಟ ಆಗಿತ್ತು, ಹುಡುಗಿ ಆಗಿದ್ದಾಗ ಬಂದಿದ್ದ ಟಿಬಿ ಬಿಟ್ಟು ಹೋದ ಗುರುತು. ಕರಟದ ಒಳಗಿರೋ ಹಾರ್ಟಿಗೆ ಹಿಗ್ಗೋಕೆ ಜಾಗ ಇಲ್ಲ, ರಕ್ತ ಹಿಂದಕ್ಕೆ ನಿಂತು ಹೊಟ್ಟೆ ತುಂಬತ್ತೆ. ಮತ್ತೆ ಎಕೋಗೆ ಕೂತು ನೋಡಿದ್ರೆ, ಉಸಿರು ತಗೊಂಡಾಗೆಲ್ಲಾ ಎರಡು ಕೋಣೆಯ ನಡುವಿನ ಗೋಡೆ ಎಡಕ್ಕೆ ಜಿಗೀತಿತ್ತು, ಮೊದಲನೇ ಸಲಾನೂ ಜಿಗಿದಿರತ್ತೆ, ನಾನು ಇಎಫ್ ಅಳೆಯೋದ್ರಲ್ಲಿದ್ದೆ. ಆ ಪೊರೆ ಬಿಡಿಸೋ ಆಪರೇಷನ್ ಆಯ್ತು, ನೀರು ಮತ್ತೆ ತುಂಬ್ಲಿಲ್ಲ. ಅಲ್ಲಿ ಪಿವೈಪಿಯಿಂದ ಏನೂ ಉಪಯೋಗ ಇರ್ತಿರ್ಲಿಲ್ಲ, ಸುಣ್ಣ ಹುಡ್ಕೋಕೆ ಸಿಟಿನೇ ಸರಿ. ನಿಮ್ಮಪ್ಪಂಗೆ ಸಿಟಿ ಬರೆದಿಲ್ಲ, ಪಿವೈಪಿ ಬರೆದಿದ್ದಾರೆ, ಅಂದ್ರೆ ಆ ಡಾಕ್ಟ್ರ ತಲೇಲಿ ಪ್ರಶ್ನೆ ಏನು ಅಂತ ಸ್ಪಷ್ಟ ಇದೆ.

ಗೊತ್ತಾದ್ರೆ ಏನ್ ಪ್ರಯೋಜನ ಅಂತ ಕೇಳ್ತೀರ, ಕೇಳ್ಬೇಕು ಕೂಡ. ಲಿವರ್ ಪ್ರೋಟೀನಿನ ಥರದ್ದು ಅಂತ ಆದ್ರೆ ಟಫಾಮಿಡಿಸ್ ಅಂತ ಔಷಧಿ ಇದೆ, ಆ ನಾಲ್ಕು ತುಂಡು ಬಿಟ್ಕೊಳ್ಳದ ಹಾಗೆ ಹಿಡ್ಕೊಳ್ಳತ್ತೆ. ಸಾವು, ಆಸ್ಪತ್ರೆ ಸೇರೋದು ಎರಡೂ ಕಮ್ಮಿ ಆಗತ್ತೆ ಅಂತ 2018ರಲ್ಲಿ ಅದರ ಟ್ರಯಲ್ ಬಂತು, 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಈಗಾಗ್ಲೇ ಕೂತಿರೋದನ್ನ ಅದು ಕರಗಿಸಲ್ಲ, ಮುಂದೆ ಕೂರೋದನ್ನ ನಿಧಾನ ಮಾಡತ್ತೆ, ಹಾಗಾಗಿ ಬೇಗ ಶುರು ಮಾಡಿದಷ್ಟೂ ಉಪಯೋಗ. ಜೀನ್ ಟೆಸ್ಟೂ ಮಾಡ್ಸಿ ಅಂತಾರೆ, ಮನೆತನದ್ದಾದ್ರೆ ನಿಮಗೆ, ನಿಮ್ಮ ಅಣ್ಣ-ತಮ್ಮಂದಿರಿಗೆ ಸಂಬಂಧ ಇರೋ ವಿಷಯ ಅದು, ವಯಸ್ಸಿನಿಂದ ಬಂದದ್ದಾದ್ರೆ ಮಕ್ಕಳಿಗೆ ದಾಟಲ್ಲ.

ರಿಪೋರ್ಟ್ ಬರೋ ತನಕ ಮಾತ್ರೆ ವಿಷಯದಲ್ಲಿ ಹುಷಾರು. ಕಾಲೂತಕ್ಕೆ ಮೂತ್ರ ಹೋಗೋ ಮಾತ್ರೆ ಕೊಟ್ಟಿದ್ರೆ ನೀವಾಗೇ ನಿಲ್ಲಿಸ್ಬೇಡಿ, ಜಾಸ್ತೀನೂ ಮಾಡ್ಬೇಡಿ, ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಮನೇಲಿ ಉಳಿದಿರೋ ಹಳೇ ಬಿಪಿ ಮಾತ್ರೆ ಮತ್ತೆ ಕೊಡ್ಬೇಡಿ. ಡಿಲ್ಟಿಯಾಜೆಮ್, ವೆರಪಮಿಲ್ ಈ ಹಾರ್ಟಿಗೆ ಒಗ್ಗಲ್ಲ, ಬೀಟಾ ಬ್ಲಾಕರ್, ಡಿಗಾಕ್ಸಿನ್ ಕೂಡ ಲೆಕ್ಕ ನೋಡಿ ಕೊಡ್ಬೇಕಾದ್ದು, ಅಪ್ಪನ ಚೀಟಿಯಲ್ಲಿ ಇವು ಇದ್ರೆ ಇವತ್ತೇ ಫೋನ್ ಮಾಡಿ ಡಾಕ್ಟ್ರನ್ನ ಕೇಳಿ. ಎದೆ ಬಡಿತ ತಾಳ ತಪ್ಪಿದ ಹಾಗೆ ಅನ್ಸಿದ್ರೆ, ಕಣ್ಣು ಕತ್ತಲೆ ಬಂದು ಬಿದ್ರೆ ಕಾಯ್ಬೇಡಿ, ಹೋಗಿಬಿಡಿ.

ಡಾಕ್ಟ್ರ ಹತ್ರ ಹೋಗುವಾಗ ಕೈ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ತಗೊಂಡು ಹೋಗಿ, ಅವತ್ತು ತೆಗೆದ ಅಂಗಾಂಶ ಪರೀಕ್ಷೆಗೆ ಕಳ್ಸಿದ್ರಾ ಅಂತ ಆ ಆಸ್ಪತ್ರೇಲಿ ಒಂದು ಮಾತು ಕೇಳಿ, ಆ ಅಂಗಾಂಶಾನ ಮೇಣದಲ್ಲಿ ಹಾಕಿ ಇನ್ನೂ ಇಟ್ಟಿದ್ರೆ ಅದಕ್ಕೇ ಕಾಂಗೋ ರೆಡ್ ಹಾಕಿ ನೋಡ್ಬಹುದು. ಮತ್ತೆ ಬಿಪಿ ಇದ್ದ ಕಾಲದ್ದು ಹಳೇ ಇಸಿಜಿ ಯಾವ್ದಾದ್ರೂ ಬೀರು ಒಳಗೆ ಇದ್ಯಾ ಹುಡುಕಿ, ಅವತ್ತು ಗೆರೆ ಎತ್ತರ ಇದ್ದು ಈಗ ಕುಗ್ಗಿದ್ರೆ ಅದೇ ದೊಡ್ಡ ಸುಳಿವು. ಆ ಕಾಗದ ಬಿಸಿಗೆ, ಬೆಳಕಿಗೆ ಅಳಿಸಿಹೋಗತ್ತೆ, ಸಿಕ್ಕಿದ ತಕ್ಷಣ ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ಳಿ.